ಪುಷ್ಪಲತಾ ಎತ್ತಿದ ಮಚ್ಚು

ಪುಷ್ಪಲತಾಳ ಮುಂದಿನ ಎರಡು ಹಲ್ಲು ಹೋದದ್ದು ಬಚ್ಚಲಲ್ಲಿ ಜಾರಿ ಬಿದ್ದು ಎಂದು ಬಿಳಿಗೆರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅವಳೇ ಹಾಗೆ ಹೇಳಿಕೊಂಡು ತಿರುಗುತ್ತಿದ್ದಳು. ಬಚ್ಚಲಿಗೆ ಕೈ ಇರುವುದಿಲ್ಲ, ಕೈಯಲ್ಲಿ ಬೆರಳು ದಪ್ಪದ ಕಡಗವೂ ಇರುವುದಿಲ್ಲ. ಅವಳ ಗಂಡ ಭೀಮರಾಜನಿಗೆ ಎರಡೂ ಇದ್ದವು. ಹೆಂಡತಿಗೆ ಹೊಡೆಯುವ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಇದನ್ನು ತಣ್ಣಗೆ ಹೇಳುತ್ತೇನೆಂದು ಯಾರೂ ಕಾಯಬೇಡಿ.

ನಾವಿಬ್ಬರೂ ರೇವಣಸಿದ್ದಯ್ಯನವರ ತೋಟದ ಕೊಬ್ಬರಿ ಶೆಡ್ಡಿನಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡುವವರು. ತೆಂಗಿನಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಬಿದ್ದಿರುತ್ತದೆ. ಒಳಗಿನ ನೀರು ತಾನಾಗಿ ಹಿಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ನೀರು ಕುಲುಕಿದರೆ ಇನ್ನೂ ಆಗಿಲ್ಲ. ಗಂಡಸರು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಾರೆ. ಹೆಂಗಸರು ಮಚ್ಚಿನ ಬೆನ್ನಿನಿಂದ ತಟ್ಟಿ ಚಿಪ್ಪು ಒಡೆದು ಕೊಬ್ಬರಿಯನ್ನು ಇಡಿಯಾಗಿ ತೆಗೆಯುತ್ತೇವೆ. ಭೀಮರಾಜ ನಮ್ಮೆಲ್ಲರಿಗೂ ಮೇಸ್ತ್ರಿ.

ಪುಷ್ಪಲತಾಳದು ತಾತನ ಕಾಲದಿಂದ ಕ್ರೈಸ್ತರ ಮನೆ. ಊರಾಚೆ ತಗಡಿನ ಸೂರಿನ ಪ್ರಾರ್ಥನಾ ಮಂದಿರದಲ್ಲಿ ಭಾನುವಾರ ಕೀರ್ತನೆ ಎತ್ತಿಕೊಡುವವಳು ಅವಳೇ. ಶೆಡ್ಡಿನಲ್ಲೂ ಚಿಪ್ಪು ತಟ್ಟುತ್ತಾ ಅವನ್ನೇ ಹಾಡುವಳು. ನಾನು ಚೌಡಮ್ಮನ ಒಕ್ಕಲು, ಆದರೂ ಒಂದು ಹಾಡು ನನಗೂ ಬಾಯಿಪಾಠವಾಗಿತ್ತು:

ಸಾಕು ನಿನ್ನ ರಕ್ತ, ಯೇಸುವೇ,
ಇನ್ನಾರ ರಕ್ತವೂ ಬೇಡ.

“ಏನೇ ಇದು, ಬೆಳಗಾದ್ರೆ ರಕ್ತ ರಕ್ತ ಅಂತೀಯಾ?” ಎಂದು ರೇಗಿಸುತ್ತಿದ್ದೆ. “ನಮ್ ಚೌಡಮ್ಮ ವರ್ಸಕ್ಕೊಂದು ಕುರಿ ಕೇಳ್ತಾಳೆ, ಅಷ್ಟೇಯ.”

“ನಮ್ ಸ್ವಾಮಿ ಕೇಳಲ್ಲ ಕಣ್ ತಿಮ್ಮಕ್ಕ, ತಾನೇ ಕೊಟ್ಟವ್ನೆ.”

“ಅಂಗಂದ್ರೆ ಏನೇ?”

“ನಂಗೇನ್ ಗೊತ್ತು. ರಾಗ ಚೆನ್ನಾಗೈತೆ, ಹಾಡ್ತೀನಿ ಬುಡು.”

ಅವಳಿಗೆ ಗೊತ್ತಿದ್ದದ್ದು ಬೇರೆ ಪಾಠ. ಅದನ್ನು ಕಲಿಸಿದವನು ಅವರ ಪ್ರಾರ್ಥನಾ ಸಭೆಯ ಹಿರಿಯ ಲಕ್ಷ್ಮಯ್ಯ, ಭೀಮರಾಜನ ಸೋದರಮಾವ. ತುಟಿ ಒಡೆದುಕೊಂಡು ಹೋದಾಗ, ಪಕ್ಕೆಲುಬು ಮುರಿದುಕೊಂಡು ಹೋದಾಗ, ಅವನದು ಒಂದೇ ಮಾತು: “ನಿನ್ ಶಿಲುಬೆ ನೀನು ಹೊರ್ಬೇಕಮ್ಮ.” ಯೇಸು ಶಿಲುಬೆ ಹೊತ್ತಂತೆ ನೀನು ಏಟು ಸಹಿಸಿಕೋ ಎಂದು. ಅವಳು ನಂಬಿದಳು. “ನನ್ ಮೈಯಿಂದ ರಕ್ತ ಸುರಿದಷ್ಟೂ ಅವ್ರು ತಣ್ಣಗಾಯ್ತಾರೆ ಕಣಕ್ಕ, ಒಂದಿನ ಸರಿಹೋಯ್ತಾರೆ” ಎನ್ನುವಳು. ಕೇಳಿ ನನಗೆ ಎದ್ದು ಅವಳಿಗೇ ಎರಡು ಬಿಗಿಯೋಣ ಅನ್ನಿಸುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅವಳ ಮಗಳು ದಿವ್ಯ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಶೆಡ್ಡಿಗೆ ಬರತೊಡಗಿದಳು. ಒಂದು ಬೆಳಿಗ್ಗೆ ಅಟ್ಟ ಹತ್ತಿ, ಹಳೇ ರಾಶಿಯ ಬದಲು ಹೊಸ ರಾಶಿಯಿಂದ ಕಾಯಿ ಇಳಿಸಿಬಿಟ್ಟಳು. ಒಂದನ್ನೂ ಅಲ್ಲಾಡಿಸಿ ನೋಡಲಿಲ್ಲ. ಗಂಡಸರು ಸುಲಿದೇ ಸುಲಿದರು. ನಾವು ಚಿಪ್ಪು ಒಡೆದರೆ ಒಳಗೆ ಅರೆಹಸಿ ತಿರುಳು ಅಂಟಿಕೊಂಡು ಕೂತಿದೆ. ಆ ಹೊತ್ತಿಗೆ ಭೀಮರಾಜ ಬಂದ. ಬೆಳಿಗ್ಗೆಯೇ ಕುಡಿದಿದ್ದ.

“ಯಾವೋಳೇ ಇದ್ನ ಇಳ್ಸಿದ್ದು?”

ದಿವ್ಯ ಎದ್ದು ನಿಂತಳು. “ನಾನೇ ಅಪ್ಪ. ನೋಡ್ಲಿಲ್ಲ.”

ಅವನು ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಎಳೆದ. ಮುಖಕ್ಕೆ ಬಾರಿಸಿದ, ಹೊಟ್ಟೆಗೆ ಒದ್ದ. ಮೂಗಿನಿಂದ ರಕ್ತ ಬಳಬಳ ಇಳಿಯಿತು. ಸಿಪ್ಪೆಯ ಮೇಲೆ ದರದರನೆ ಎಳೆದುಕೊಂಡು ಹೋಗಿ ಅವಳ ತಲೆಯನ್ನು ಸುಲಿಯುವ ಮೊನೆಯ ಕಡೆ ಬಗ್ಗಿಸಿದ.

“ಕಾಯಿ ಅಲ್ಲಾಡ್ಸಿ ಕೇಳಕ್ಕಾಗ್ದಿದ್ ಕಿವಿ ಯಾಕೇ ನಿಂಗೆ? ತೂತು ಮಾಡ್ತೀನಿ ತಡಿ.”

ಮೊನೆ ಅವಳ ಕಿವಿಯ ಅಂಚನ್ನು ಹರಿಯಿತು. ನಾನು ಕಿರುಚಿಕೊಂಡೆ. ಸುಲಿಯುವ ಗಂಡಸರು, ಎಮ್ಮೆ ಕಟ್ಟಿಹಾಕುವಂಥ ತೋಳಿನವರು, ನಿಂತಲ್ಲೇ ನಿಂತಿದ್ದರು.

ಪುಷ್ಪಲತಾ ಓಡಿಹೋಗಿ ಯಾವಾಗಲೂ ಮಾಡುವುದನ್ನೇ ಮಾಡಿದಳು. ನಡುವೆ ತೂರಿ, “ನನ್ನ ಹೊಡೀರಿ, ಅವಳ್ನ ಬುಡ್ರಿ” ಎಂದಳು. ಅವನು ಅವಳ ಎದೆಗೆ ಒದ್ದ. ಚಿಪ್ಪಿನ ರಾಶಿಯ ಮೇಲೆ ಬಿದ್ದಳು, ಬಾಯಿ ಒಡೆದು ಕೆಂಪಾಯಿತು. ಅದನ್ನು ನೋಡಿಯೂ ಅವನು ಮಗಳನ್ನು ಬಿಡಲಿಲ್ಲ. “ನಿಂದೂ ಐತೆ, ತಡಿ” ಎಂದ.

ಪುಷ್ಪಲತಾ ಎದ್ದಾಗ ಅವಳ ಕೈಯಲ್ಲಿ ಮಚ್ಚಿತ್ತು. ಮಚ್ಚಿನ ಬೆನ್ನು ತಿರುಗಿಸಿ, ಜಡೆ ಹಿಡಿದಿದ್ದ ಮಣಿಕಟ್ಟಿಗೆ ಕೊಟ್ಟಳು. ಚಿಪ್ಪು ಒಡೆದಂತೆಯೇ ಸದ್ದಾಯಿತು. ಅವನು ಅರಚುತ್ತಾ ಕೆಳಗೆ ಬಿದ್ದ. ಅವಳು ಅವನ ಎದೆಯ ಮೇಲೆ ಕಾಲಿಟ್ಟು, ಮಚ್ಚನ್ನು ಈಗ ಅಲಗಿನ ಕಡೆಗೆ ತಿರುಗಿಸಿ ತಲೆಯ ಮೇಲಕ್ಕೆ ಎತ್ತಿದಳು. “ಕಡಿಯೇ!” ಎಂದು ಕೂಗಿದವಳು ನಾನೇ. ಇವತ್ತೂ ಅದಕ್ಕೆ ನನಗೇನೂ ಬೇಜಾರಿಲ್ಲ.

ಅವಳ ತುಟಿ ಅಲ್ಲಾಡಿತು. ರಾಗವಿಲ್ಲ, ತಾಳವಿಲ್ಲ, ಮಾತಾಡಿದಂತೆ ಹೇಳಿದಳು: “ಸಾಕು ನಿನ್ನ ರಕ್ತ, ಯೇಸುವೇ.” ಎಲೆ ತುಂಬಿದ ಮೇಲೆ ಬಡಿಸುವವರಿಗೆ ಸಾಕು ಅನ್ನುತ್ತೇವಲ್ಲ, ಹಾಗೆ. ಆಮೇಲೆ, “ಇನ್ನಾರ ರಕ್ತವೂ ಬೇಡ.” ಮಗಳ ಕಿವಿಯನ್ನು ನೋಡಿದಳು. “ಇವಳದೂ ಬ್ಯಾಡ. ನಂದೂ ಬ್ಯಾಡ.” ಮಚ್ಚು ಇನ್ನೂ ಮೇಲೇ ಇತ್ತು. ಕೊನೆಗೆ, ಕಷ್ಟಪಟ್ಟು, “ಇವಂದೂ ಬ್ಯಾಡ” ಎಂದು ಮಚ್ಚನ್ನು ದೂರ ಎಸೆದಳು.

ಅಟ್ಟದ ಕಾಯಿಯ ಹಾಗೆ ಆ ಮಾತು ಅವಳೊಳಗೆ ಇಷ್ಟು ವರ್ಷ ಬಿದ್ದಿತ್ತು ಎಂದು ನಾನು ಅಂದುಕೊಂಡೆ. ಅವಳನ್ನು ಕೇಳಿದರೆ, “ದಿನಾ ಹಾಡ್ತಿದ್ದೆ ಕಣಕ್ಕ, ಅವತ್ತು ನಂಗೇ ಹೇಳ್ದಂಗಾಯ್ತು” ಎಂದಳು, ಅಷ್ಟೇ. ಮಗಳ ಕಿವಿಗೆ ತಿಪಟೂರಿನಲ್ಲಿ ಹೊಲಿಗೆ ಹಾಕಿಸಿ, ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ ಗಂಡನ ಮೇಲೆ ದೂರು ಕೊಟ್ಟಳು. ಹಲ್ಲಿನ ವಿಷಯವನ್ನೂ ಹೇಳಿದಳು.

ಭೀಮರಾಜ ಜಾಮೀನಿನ ಮೇಲೆ ಹೊರಬಂದ ಭಾನುವಾರ ಲಕ್ಷ್ಮಯ್ಯ ಅವನನ್ನು ಪ್ರಾರ್ಥನಾ ಮಂದಿರಕ್ಕೆ ಕರೆತಂದ. ಇಂಥದ್ದೇನೋ ನಡೆಯುತ್ತದೆಂದು ಗೊತ್ತಿದ್ದೇ ನಾನು ಹೋಗಿ ದಿವ್ಯಳ ಪಕ್ಕ ಕೂತಿದ್ದೆ. ಪಾಸ್ಟರ್ ಆರಾಧನೆ ಮುಗಿಸುತ್ತಲೇ ಲಕ್ಷ್ಮಯ್ಯ ಎದ್ದ.

“ಕ್ಷಮಿಸು ಅಂತ ಸ್ವಾಮಿ ಹೇಳಿಲ್ವೇನಮ್ಮ? ಮನೆಗೆ ಕರ್ಕೊಂಡೋಗು.”

“ಕ್ಷಮಿಸಿದೀನಿ ಮಾವ. ಇಲ್ದಿದ್ರೆ ಇವತ್ತು ಇವ್ರ ಗೋರಿ ಮುಂದೆ ನಿಂತಿರ್ತಿದ್ವಿ. ಮನೆಗೆ ಮಾತ್ರ ಬರಂಗಿಲ್ಲ.”

“ನಿನ್ ಶಿಲುಬೆ...”

“ನಾನು ಏಟು ತಿಂದು ಯಾರ್ನೂ ಉದ್ಧಾರ ಮಾಡಕ್ಕಾಗಲ್ಲ ಮಾವ. ಆ ಕೆಲ್ಸ ಸ್ವಾಮಿ ಮಾಡಿ ಮುಗಿಸವ್ನೆ. ಆತನ ರಕ್ತ ಸಾಲ್ದು, ನಂದೂ ಬೇಕು ಅಂದ್ರೆ ಆತನ್ನ ನಾನು ನಂಬಿಲ್ಲ ಅಂತಾಯ್ತು.”

ಭೀಮರಾಜ ಎಲ್ಲರ ಎದುರಿಗೇ ನುಗ್ಗಿ ಬಂದ. ಬಲಗೈಗೆ ಪಟ್ಟಿ ಇತ್ತು; ಎಡಗೈ ಎತ್ತಿದ. ಅವಳು ಹಿಂದೆ ಸರಿಯಲಿಲ್ಲ, ಮುಖಕ್ಕೆ ಕೈಯನ್ನೂ ಅಡ್ಡ ಹಿಡಿಯಲಿಲ್ಲ.

“ಹೊಡೀರಿ. ಇದು ಬರೀ ಏಟು. ಇದ್ರಲ್ಲಿ ದೇವ್ರಿಲ್ಲ.”

ಹೊಡೆದ. ಎರಡನೆಯ ಏಟಿಗೆ ಕೈ ಎತ್ತುವಷ್ಟರಲ್ಲಿ ಚಾಪೆಯ ಮೇಲಿದ್ದ ಹೆಂಗಸರೆಲ್ಲ ಎದ್ದು ಅವಳ ಮುಂದೆ ನಿಂತಿದ್ದರು. ಇಷ್ಟು ಹೊತ್ತು ನೆಲ ನೋಡುತ್ತಿದ್ದ ಪಾಸ್ಟರ್ ಕೊನೆಗೂ ಬಾಯಿಬಿಟ್ಟು, ಅವನನ್ನು ಹೊರಗೆ ಕರೆದುಕೊಂಡು ಹೋಗುವಂತೆ ಲಕ್ಷ್ಮಯ್ಯನಿಗೆ ಹೇಳಿದರು. ಅವರಿಬ್ಬರೂ ಹೊಸ್ತಿಲು ದಾಟಿದ ಮೇಲೆ ದಿವ್ಯ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದಳು.