ಯರ್ರೆಪ್ಪನ ದಿವಸದ ಊಟ

ಯರ್ರೆಪ್ಪ ಸತ್ತಿರಲಿಲ್ಲ. ಅದು ಹಟ್ಟಿಗೆಲ್ಲ ಗೊತ್ತಿತ್ತು. ಕುರಿ ಹೊಡೆದುಕೊಂಡು ಸಿಂಧನೂರಿನ ಗದ್ದೆಗಳ ಕಡೆ ಹೋದ ಪುಣ್ಯಾತ್ಮ ಅಲ್ಲೇ ಇನ್ನೊಬ್ಬಳ ಜೊತೆ ಒಲೆ ಹೂಡಿದ್ದ, ಅಷ್ಟೇ. ಇತ್ತ ಕೋಗಳಿಯ ಆಚೆಗಿನ ಹಟ್ಟಿಯಲ್ಲಿ ಹೆಂಡತಿ ಸುಂಕಮ್ಮ ಕೂಲಿನಾಲಿ ಮಾಡಿ ಮಗಳು ಭೂಮಿಕಾಳನ್ನು ಪಿಯುಸಿ ದಾಟಿಸಿದಳು. ಒಂದು ದಿನಕ್ಕಾದರೂ ಆ ಮನುಷ್ಯ ಬಂದು ಮಗಳು ಬದುಕಿದ್ದಾಳೋ ಇಲ್ಲವೋ ಎಂದು ಕೇಳಿದವನಲ್ಲ.

ತೊಂಬತ್ತೆಂಟರಲ್ಲಿ ಭೂಮಿಕಾಳಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಬಿ.ಎ. ಸೀಟು ಸಿಕ್ಕಿತು. ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು ಎರಡೂ ಸಿಗದಿದ್ದರೆ ಓದು ಅಲ್ಲಿಗೇ ಮುಗಿದಂತೆ. ಎರಡಕ್ಕೂ ಅಪ್ಪನ ಆದಾಯದ ಸರ್ಟಿಫಿಕೇಟು ಬೇಕು, ಅದಕ್ಕೆ ಅಪ್ಪನ ಸಹಿ ಬೇಕು.

"ನಾನು ಅವನ ಅನ್ನ ಉಣ್ಣಂಗಿಲ್ರೀ ಸರ. ನಂದೇ ಬ್ಯಾರೆ ಅಂತ ಬರಕೊಳ್ರಿ" ಎಂದಳು ಭೂಮಿಕಾ.

ತಾಲೂಕು ಕಚೇರಿಯ ಗುಮಾಸ್ತ ವೀರಭದ್ರಯ್ಯ ಒಳ್ಳೆಯವನೇ, ಮರುಕದಿಂದಲೇ ಹೇಳಿದ: "ಲಗ್ನ ಆಗಿದ್ರ ಗಂಡಂದು, ಆಗದಿದ್ರ ಅಪ್ಪಂದು. ನಿಂದು ಅಂತ ಎಲ್ಲೈತಿ ತಂಗಿ? ಅಪ್ಪನ್ನ ಕರಕೊಂಡು ಬಾ. ಇಲ್ಲಾ ಅವ ಇಲ್ಲ ಅಂತ ಪಂಚನಾಮೆ ಮಾಡಿಸ್ಕೊಂಡು ಬಾ."

ಸೋದರಮಾವ ಪಾಲಯ್ಯನಿಗೆ ಅಷ್ಟು ಸಾಕಾಯಿತು. "ಸತ್ತಾನ ಅಂತ ಬರೆಸಿದ್ರಾತು. ನಮ್ಮ ಪಾಲಿಗೆ ಅವ ಎಂದೋ ಸತ್ತಾನ!" ಎಂದ. ಆದರೆ ಹಟ್ಟಿಯ ಹಿರಿಯ ಮಂಜಣ್ಣ ಪಂಚನಾಮೆಗೆ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. "ದಿವಸದ ಊಟ ಉಂಡಿಲ್ಲ, ಸತ್ತಾನ ಅಂತ ಹೆಂಗ ಹೇಳ್ಲಿ? ಸುಳ್ಳು ಹೇಳಿದ್ರ ನಮ್ಮ ದೇವರು ಬೀರಪ್ಪ ಸುಮ್ನಿರ್ತಾನೇನು? ದಿವಸ ಮಾಡ್ರಿ, ಆಮ್ಯಾಲೆ ಒತ್ತೇನಿ" ಎಂದ. ಎಂಥ ನ್ಯಾಯ ನೋಡಿ! ಉಂಡರೆ ಸುಳ್ಳಲ್ಲ.

ಸರಿ, ದಿವಸ ಮಾಡಿಯೇಬಿಟ್ಟರು. ಹೆಣವಿಲ್ಲದ್ದಕ್ಕೆ ಯರ್ರೆಪ್ಪನ ಹಳೇ ಕಂಬಳಿಯನ್ನು ಮಣ್ಣು ಮಾಡಿದರು. ಬೆಳಗಿನಿಂದ ನಗುತ್ತಲೇ ಓಡಾಡಿದ್ದ ಸುಂಕಮ್ಮ, ಮುದುಕಿ ಓಬಮ್ಮ ಕಲ್ಲಿಗೆ ಕೈ ಇಡಿಸಿ ಬಳೆ ಒಡೆದಾಗ ಗಂಟಲು ಕಿತ್ತುಹೋಗುವಂತೆ ಕಿರುಚಿದಳು. ಅದು ನಾಟಕದ ಅಳುವಾಗಿರಲಿಲ್ಲ. ಹಟ್ಟಿ ಹೊಟ್ಟೆ ತುಂಬ ಉಂಡಿತು, ಹೆಬ್ಬೆಟ್ಟುಗಳು ಬಿದ್ದವು, ಹಾಸ್ಟೆಲ್ಲು ಸಿಕ್ಕಿತು.

ಅಲ್ಲಿಂದ ಶುರುವಾಯಿತು ಭೂಮಿಕಾಳ ಸಂಕಟ. ಅಡುಗೆಯಾಕೆ "ಪಾಪ, ತಂದಿ ಇಲ್ಲದ ಕೂಸು" ಎಂದು ಒಂದು ರೊಟ್ಟಿ ಹೆಚ್ಚಿಗೆ ಹಾಕಿದರೆ ಅದನ್ನು ಪಕ್ಕದವಳ ತಟ್ಟೆಗೆ ಸರಿಸುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಹೆಗಲಿಗೆ ಕಂಬಳಿ ಹಾಕಿದ ಗಂಡಸು ಕಂಡರೆ ಕಂಬದ ಹಿಂದೆ ಸರಿಯುತ್ತಿದ್ದಳು. ಸತ್ತವನು ಬಂದಾನೆಂಬ ಹೆದರಿಕೆಯೋ, ಬದುಕಿದ್ದವನು ಬಂದಾನೆಂದೋ, ಅವಳಿಗೇ ತಿಳಿಯುತ್ತಿರಲಿಲ್ಲ. ತಾಯಿಯಂತೂ ಬಳೆ ಒಡೆದ ದಿನದಿಂದ ಗಂಡ ಸತ್ತೇಹೋದನೆಂದು ನಂಬಿಬಿಟ್ಟಿದ್ದಳು.

ಎರಡನೇ ವರ್ಷದ ದೀಪಾವಳಿ ರಜೆ. ಮಟಮಟ ಮಧ್ಯಾಹ್ನ ಯರ್ರೆಪ್ಪ ಬಂದು ಅಂಗಳದಲ್ಲಿ ನಿಂತ. ಬಡಕಲಾಗಿದ್ದ, ಕೆಮ್ಮುತ್ತಿದ್ದ. ಬಾಗಿಲಿಗೆ ಬಂದ ಸುಂಕಮ್ಮನ ಬೋಳು ಹಣೆ, ಬೋಳು ಕೈ ನೋಡಿ ಅವನ ಬಾಯಿ ತೆರೆದೇ ಉಳಿಯಿತು.

"ಲೇ ಸುಂಕೀ, ನಾನು ಬದುಕೇ ಅದೀನಲ್ಲ!"

ಸುಂಕಮ್ಮ ಅವನ ಮುಖ ನೋಡಲಿಲ್ಲ. ಒಳಗೆ ಹೋಗಿ, ಹಿರಿಯರಿಗೆ ಎಡೆ ಇಡುವಂತೆ ಎಲೆಯ ಮೇಲೆ ರೊಟ್ಟಿ, ಪಲ್ಯ ತಂದು ಹೊಸ್ತಿಲ ಹೊರಗಿಟ್ಟು, ಸುತ್ತ ನೀರು ಬಿಟ್ಟು, ಬಾಗಿಲು ಹಾಕಿಕೊಂಡಳು. ಒಳಗಿಂದಲೇ, ಅಂಗಳದಲ್ಲಿದ್ದ ಮಗಳಿಗೆ ಹೇಳಿದಳು: "ಉಂಡು ಹೋಗ್ಲಿ. ನನ್ನ ಮಗಳ ಬೆನ್ನು ಹತ್ತಬ್ಯಾಡ ಅನ್ನು."

ಭೂಮಿಕಾ ಹೊರಗೇ ಉಳಿದಳು. ಒಮ್ಮೆ 'ಅಪ್ಪಾ' ಎಂದರೆ ಸಾಕಿತ್ತು. ಆದರೆ ಪಕ್ಕದ ಮನೆಯ ಹಂಪಮ್ಮನ ಕಿವಿ ಬಲು ಚುರುಕು, ಬಾಯಿ ಇನ್ನೂ ಚುರುಕು. ಸುದ್ದಿ ಕಚೇರಿ ಮುಟ್ಟಿದರೆ ಹಾಸ್ಟೆಲ್ಲು ಹೋಗುತ್ತಿತ್ತು, ಹೆಬ್ಬೆಟ್ಟು ಒತ್ತಿದವರೆಲ್ಲ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತಿತ್ತು. ಅವಳು ಪಿಸುದನಿಯಲ್ಲಿ ಎಲ್ಲವನ್ನೂ ಹೇಳಿದಳು, ಅಪ್ಪಾ ಎನ್ನದೆಯೇ.

ಅವನು ಬೈಯುತ್ತಾನೆಂದುಕೊಂಡಿದ್ದಳು. ಅವನು ಕುಕ್ಕರಗಾಲಲ್ಲಿ ಕೂತು ಆ ರೊಟ್ಟಿ ಮುರಿದ.

"ಇನ್ನಾ ಎಷ್ಟು ವರ್ಷ ಐತವ್ವಾ ಓದು?"

"ಮುಂದಿನ ವರ್ಷಕ್ಕ ಮುಗಿತೈತಿ."

"ಹಂಗಾರ ಅಲ್ಲೀಮಟ ಸತ್ತೇ ಇರ್ತೀನಿ ಬಿಡು" ಎಂದ. ಉಂಡು, ಕೈ ತೊಳೆದು, ಯಾರ ಕಣ್ಣಿಗೂ ಬೀಳದಂತೆ ಹಳ್ಳದ ದಾರಿ ಹಿಡಿದು ಹೋದ. ಹಾಳಾದವನು, ಬೈದಾದರೂ ಹೋಗಬಾರದಿತ್ತೇ!

ಮರುವರ್ಷ ಭೂಮಿಕಾ ಪಾಸಾದಳು. ಫಲಿತಾಂಶದ ದಿನ ಹಟ್ಟಿಗೆ ಬಂದವಳೇ ಮನೆಯೊಳಗೆ ಹೋಗದೆ ಕಟ್ಟೆಯ ಮೇಲೆ ಕೂತಳು. ಹೊತ್ತು ಇಳಿಯಿತು, ಮೇಯಲು ಹೋದ ಕುರಿಗಳು ಬಂದವು.

"ಯಾರ ದಾರಿ ನೋಡ್ತೀಯವ್ವಾ?" ಎಂದು ಸುಂಕಮ್ಮ ಒಳಗಿಂದ ಕೇಳಿದಳು.

"ಅಪ್ಪಂದು!" ಎಂದಳು ಭೂಮಿಕಾ, ಹಂಪಮ್ಮನಿಗೂ ಕೇಳುವಷ್ಟು ಜೋರಾಗಿ.

ಆ ದಿನ ಯಾರೂ ಬರಲಿಲ್ಲ. ಭೂಮಿಕಾ ಈಗ ಕೊಟ್ಟೂರಿನಲ್ಲಿ ಟೀಚರಾಗಿದ್ದಾಳೆ. ರಜೆ ಸಿಕ್ಕಾಗಲೆಲ್ಲ ಸಿಂಧನೂರಿಗೆ ಹೋಗಿ, ಯರ್ರೆಪ್ಪ ಎಂಬವನನ್ನು ನೋಡಿದ್ದೀರಾ ಎಂದು ಕೇಳಿ ಬರುತ್ತಾಳೆ.