ಜಮೈಕಾದ ದಡದಲ್ಲಿ ಹೆಣೆದ ಜಡೆ

ಇಂಥ ಕಥೆಗಳನ್ನು ಬೇರೆಯವರು ಹೇಳಿದಾಗಲೆಲ್ಲ ಮುಖ ಆಚೆ ತಿರುಗಿಸಿ ನಕ್ಕವಳು ನಾನು. ಕಾಪೆಲ್ ಊರಿನ ನಮ್ಮ ಮನೆಯಲ್ಲಿ ಗೆಳೆಯರು ಸೇರಿದಾಗ ಯಾರಾದರೂ ದೆವ್ವದ ಮಾತು ತೆಗೆದರೆ, "ನಿಮ್ಮ ದೆವ್ವಕ್ಕೆ ಹಗಲು ಡ್ಯೂಟಿ ಇರಲ್ವಾ?" ಎಂದು ಕಾಲೆಳೆಯುತ್ತಿದ್ದೆ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು; ಯಾರು ಏನು ಹೇಳಿದರೂ ಮೊದಲು ಹುಳುಕು ಹುಡುಕುವ ಬುದ್ಧಿ. ಈಗ ನನ್ನದೇ ಕಥೆ ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

೨೦೧೪ರ ಸ್ಪ್ರಿಂಗ್ ಬ್ರೇಕ್, ಮಕ್ಕಳ ಶಾಲೆಗೆ ವಾರದ ರಜೆ. ಮೂರು ಕುಟುಂಬ, ಒಟ್ಟು ಹನ್ನೊಂದು ಜನ, ಹ್ಯೂಸ್ಟನ್ ಪಕ್ಕದ ಗ್ಯಾಲ್ವೆಸ್ಟನ್ ಬಂದರಿನಿಂದ ಏಳು ದಿನದ ಕ್ರೂಸ್ ಹಡಗು ಹತ್ತಿದ್ದೆವು. ಎರಡು ದಿನ ಬರೀ ನೀರು ನೋಡಿ ನೋಡಿ ಸಾಕಾಗಿದ್ದ ನಮಗೆ ಮೂರನೆಯ ದಿನ ಬೆಳಿಗ್ಗೆ ಜಮೈಕಾದ ಹಸಿರು ಗುಡ್ಡ ಕಂಡಾಗ ಹುಚ್ಚು ಹಿಡಿದಂತಾಯಿತು. ಮಕ್ಕಳಿಗಿಂತ ನಾವೇ ಹೆಚ್ಚು ಕುಣಿದೆವು. ನನ್ನ ಗಂಡ ರವಿಯಂತೂ ತಿಂಡಿಯನ್ನೂ ಬಿಟ್ಟು ಡೆಕ್ಕಿಗೆ ಓಡಿದ. ಆರು ವರ್ಷದ ಮಗಳು ಸಿರಿಯ ತಲೆ ಬಾಚಲು ಹೋದರೆ ನಿಲ್ಲಲೇ ಇಲ್ಲ. ಹೇಗೂ ನೀರಿಗಿಳಿಯುತ್ತಾಳಲ್ಲ ಎಂದು ಕೂದಲು ಬಿಟ್ಟೇ ಕರೆದುಕೊಂಡು ಹೋದೆ.

ನಮ್ಮ ಗುಂಪಿಗೆ ಹಿರಿಯರು ನಮ್ಮ ಪಕ್ಕದೂರು ಇರ್ವಿಂಗ್‌ನ ಗಿರಿಜಾ ಆಂಟಿ, ಹುಬ್ಬಳ್ಳಿಯವರು. ಬೀಚಿಗೆ ಹೋಗಲು ಬಂದರಿನಲ್ಲಿ ಬಾಡಿಗೆ ವ್ಯಾನ್ ಹತ್ತುವಾಗ ನಾನು ಬೆರಳು ಚಾಚಿ ಒಂದು, ಎರಡು ಎನ್ನತೊಡಗಿದರೆ ಕೈಗೆ ಪಟ್ಟನೆ ಹೊಡೆದರು. "ಹಂಗ ಮಂದಿನ್ನ ಎಣಸಬಾರದು, ತಂಗಿ. ದೃಷ್ಟಿ ಆಗ್ತದ." ಅವರ ಲೆಕ್ಕವೇ ಬೇರೆ. ಮನೆಯಿಂದ ತಂದ ಶೇಂಗಾ ಹೋಳಿಗೆ ಎಷ್ಟು ಜನವೋ ಅಷ್ಟೇ ಡಬ್ಬಿಗೆ ಹಾಕಿ, ವ್ಯಾನ್ ಹೊರಟ ಮೇಲೆ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಡಬ್ಬಿ ಖಾಲಿಯಾದರೆ ಎಲ್ಲರೂ ಬಂದಿದ್ದಾರೆ ಎಂದರ್ಥ. ಹುಳುಕು ಹುಡುಕುವ ನನಗೂ ಆ ಉಪಾಯದಲ್ಲಿ ಹುಳುಕು ಕಾಣಲಿಲ್ಲ.

ಬೀಚ್ ಬಂದರಿನಿಂದ ಅರ್ಧ ಗಂಟೆ ದೂರ. ಮಧ್ಯಾಹ್ನವೆಲ್ಲ ನೀರಿನಲ್ಲಿ ಬಿದ್ದು ಹೊರಳಾಡಿದೆವು. ಹಡಗು ಐದಕ್ಕೆ ಹೊರಡುತ್ತದೆ, ನಾಲ್ಕೂವರೆಗೆಲ್ಲ ಹತ್ತಿರಬೇಕು. ಮೂರೂಕಾಲಿಗೆ ಒದ್ದೆ ಟವೆಲ್, ಚಪ್ಪಲಿ ಎಲ್ಲ ಬಾಚಿಕೊಂಡು ವ್ಯಾನಿಗೆ ನುಗ್ಗಿದೆವು. ಸಿರಿ ಹಿಂದಿನ ಸೀಟಿನಲ್ಲಿ ಅಪ್ಪನ ಜೊತೆ ಇದ್ದಾಳೆ ಎಂದು ನಾನು, ಮುಂದೆ ಅಮ್ಮನ ತೊಡೆಯ ಮೇಲೆ ಮಲಗಿದ್ದಾಳೆ ಎಂದು ರವಿ. ಹೋಳಿಗೆ ಡಬ್ಬಿ ಹಿಂದಕ್ಕೆ ಹೋಗಿ ಖಾಲಿಯಾಗಿ ಮರಳಿತು. ನಿಶ್ಚಿಂತೆಯಿಂದ ಹರಟುತ್ತಾ ಹೊರಟೆವು.

ಬಂದರು ಇನ್ನೇನು ಬಂತು ಎನ್ನುವಾಗ ಡ್ರೈವರ್ ಬೆರಳು ನೆಕ್ಕುತ್ತಾ ಹಿಂತಿರುಗಿ, ಇದು ಬಹಳ ರುಚಿ, ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದ. ನಾನು ಥಟ್ಟನೆ ಆಂಟಿಯತ್ತ ತಿರುಗಿದೆ.

"ಆಂಟಿ, ಡ್ರೈವರ್‌ಗೂ ಕೊಟ್ರಾ?"

"ಕೊಡದ ಹೆಂಗ ತಿನ್ನೋದವಾ? ಪಾಪ, ಮುಂಜಾನಿಂದ ನಮ್ಮ ಸಲುವಾಗಿ ಕುಂತಾನ."

ಹನ್ನೊಂದು ಹೋಳಿಗೆ. ಅದರಲ್ಲಿ ಒಂದು ಡ್ರೈವರ್ ತಿಂದಿದ್ದಾನೆ. ನಾನು ಸೀಟಿನ ಮೇಲೆ ಮಂಡಿಯೂರಿ ಹಿಂದೆ ನೋಡಿದೆ. ಸಿರಿ ಇರಲಿಲ್ಲ.

ವ್ಯಾನ್ ತಿರುಗಿಸಿದ್ದು, ಯಾರು ಏನು ಕೂಗಿದರೆಂಬುದು ನನಗೆ ಸರಿಯಾಗಿ ನೆನಪಿಲ್ಲ. "ಹಡಗು ಹೋದ್ರ ಹೋಗ್ಲಿ, ನೀ ಹೊಡಿ!" ಎಂದು ಗಿರಿಜಾ ಆಂಟಿ ಡ್ರೈವರಿಗೆ ಕನ್ನಡದಲ್ಲೇ ಹೇಳುತ್ತಿದ್ದುದು ಮಾತ್ರ ಕಿವಿಯಲ್ಲಿದೆ. ಸಿರಿಗೆ ಈಜು ಬಾರದು. ನನ್ನ ಕಣ್ಣ ಮುಂದೆ ನೀರು ಬಿಟ್ಟರೆ ಬೇರೇನೂ ಇರಲಿಲ್ಲ.

ನಾಲ್ಕು ದಾಟಿತ್ತು. ವ್ಯಾನ್ ನಿಲ್ಲುವ ಮೊದಲೇ ಜಿಗಿದು ಓಡಿದೆ. ನಾವು ಕೂತಿದ್ದ ಮರದಡಿಯಲ್ಲೇ ಸಿರಿ ಕಾಲು ಚಾಚಿ ಕೂತು ಮರಳಿನಲ್ಲಿ ಗೀಚುತ್ತಿದ್ದಳು. ಬಾಚಿ ತಬ್ಬಿಕೊಂಡು ಅತ್ತುಬಿಟ್ಟೆ. ಅವಳಿಗೋ ಆಶ್ಚರ್ಯ.

"ವೈ ಆರ್ ಯು ಕ್ರೈಯಿಂಗ್, ಅಮ್ಮಾ? ಯು ವರ್ ಜಸ್ಟ್ ಹಿಯರ್!" ಎಂದಳು. "ನೀನೇ ನೀರಿಗೆ ಹೋಗ್ಬೇಡ ಅಂದೆ. ಯು ಡಿಡ್ ಮೈ ಹೇರ್."

ಆಗ ನೋಡಿದೆ. ಬಿಟ್ಟಿದ್ದ ಕೂದಲು ಬಿಗಿಯಾಗಿ ಒಂಟಿ ಜಡೆಯಾಗಿತ್ತು.

ಯಾರನ್ನಾದರೂ ಕೇಳೋಣವೆಂದರೆ ಸಮಯವೆಲ್ಲಿ? ಅವಳನ್ನು ಎತ್ತಿಕೊಂಡು ಓಡಿದೆವು. ನಾವು ಹನ್ನೊಂದೂ ಜನ ಏದುಸಿರು ಬಿಡುತ್ತಾ ಹಡಗು ಹತ್ತಿದಾಗ ಸಿಬ್ಬಂದಿ ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದರು. ಎಲ್ಲರೂ ಅಳುತ್ತಾ ನಗುತ್ತಾ ಒಬ್ಬರನ್ನೊಬ್ಬರು ತಬ್ಬಿಕೊಂಡೆವು.

ಬೀಚಿನಲ್ಲಿ ಪ್ರವಾಸಿಗರಿಗೆ ಜಡೆ ಹಾಕುವ ಹೆಂಗಸರಿದ್ದರಲ್ಲ, ಅವರಲ್ಲೇ ಯಾರೋ ಮಗು ಒಂಟಿಯಾಗಿದೆ ಎಂದು ಕೂರಿಸಿಕೊಂಡಿರಬೇಕು ಎಂದ ರವಿ. ಅದು ಸರಿಯೇ. ನಾನೂ ತಲೆಯಾಡಿಸಿದೆ. ಮಗುವಿಗೆ ಅಮ್ಮ ಯಾರು, ಬೇರೆಯವರು ಯಾರು ಎಂದು ತಿಳಿಯದೇ ಎಂಬ ಪ್ರಶ್ನೆಯನ್ನು ನುಂಗಿಕೊಂಡೆ.

ಸಂಜೆ ಸ್ನಾನ ಮಾಡಿಸಲು ಕ್ಯಾಬಿನ್ನಿನಲ್ಲಿ ಆ ಜಡೆ ಬಿಚ್ಚಲು ಕೂತೆ. ತುದಿಗೆ ರಬ್ಬರ್ ಇರಲಿಲ್ಲ. ಕೂದಲನ್ನೇ ಸುತ್ತಿ ಒಳಗೆ ಸಿಕ್ಕಿಸಿದ್ದರು. ರಬ್ಬರ್ ಸಿಗದ ಬೆಳಗುಗಳಲ್ಲಿ ನಾನೂ ಹಾಗೇ ಮಾಡುತ್ತೇನೆ. ನಾನು ಎಡಚಿ. ನಾನು ಹೆಣೆದ ಜಡೆಯ ಎಳೆಗಳು ಎಲ್ಲರ ಜಡೆಗಿಂತ ತಿರುವುಮುರುವಾಗಿ ಕೂರುತ್ತವೆ. ಈ ಜಡೆಯ ಎಳೆಗಳೂ ಹಾಗೇ ಇದ್ದವು. ನನ್ನ ಬೆರಳುಗಳು ಎಲ್ಲೂ ತಡವರಿಸದೆ ಅದನ್ನು ಬಿಚ್ಚಿಕೊಂಡು ಹೋದವು.

ಲೋಕದಲ್ಲಿ ಎಡಚರು ಬೇಕಾದಷ್ಟಿದ್ದಾರೆ ಎಂದು ನೀವು ಹೇಳಬಹುದು. ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸಿರಿ ಈಗ ದೊಡ್ಡವಳು; ಆ ದಿನ ನಾನು ವ್ಯಾನಿನಲ್ಲಿದ್ದೆ ಎಂದರೆ ಈಗಲೂ ನಂಬುವುದಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಮರುದಿನ ಬೆಳಿಗ್ಗೆ ಅವಳು ಜಡೆ ಹಾಕು ಎಂದು ಬೆನ್ನು ತಿರುಗಿಸಿ ಕೂತಾಗ ಬಾಚಣಿಗೆಯನ್ನು ರವಿಯ ಕೈಗೆ ಕೊಟ್ಟೆ. ನಾನು ಹಾಕಿದರೆ ಆ ಜಡೆಯೇ ಮತ್ತೆ ಬರುತ್ತದೆಂದು ನನಗೆ ಗೊತ್ತಿತ್ತು.