ಮಾತು ಕೇಳದ ಹುಡುಗಿ

ಗೆಳೆಯರೇ, ಇವತ್ತು ಮುಂಜಾನೆ ರೋಣದಲ್ಲಿ ಅಕ್ಕನ ಮಗಳು ಸವಿತಾಳ ಶಾಲೆಗೆ ಹೋಗಬೇಕಾಯಿತು. ಗುರುಗಳು ಕರೆಸಿದ್ದರು. ಮೂರನೆಯ ತರಗತಿಯ ಸವಿತಾ ನನ್ನ ಪಕ್ಕದಲ್ಲೇ ನಿಂತಿದ್ದಳು.

"ನಿಮ್ಮ ಹುಡುಗಿ ಹೇಳಿದ ಮಾತ ಕೇಳಂಗಿಲ್ಲ ನೋಡಪಾ," ಎಂದರು ಗುರುಗಳು, ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಲೇ.

"ಹೌದ್ರಿ ಸರ್, ಅಕಿಗೆ ಕಿವಿನ ಸರಿ ಕೇಳಂಗಿಲ್ಲ. ತುಟಿ ನೋಡಿ ತಿಳ್ಕೋತಾಳ. ನೀವು ಬೋರ್ಡಿಗೆ ಪಾಠ ಹೇಳಿದ್ರ ಹ್ಯಾಂಗ್ರಿ?"

"ಒಬ್ಬಾಕಿ ಸಲುವಾಗಿ ನಾ ತಿರುಗಿ ನಿಂದರಬೇಕೇನು? ಇಂಥವ್ರ ಸಾಲಿ ಗದಗದಾಗ ಐತಿ, ಅಲ್ಲಿ ಹಚ್ಚರಿ. ನೀ ಎಷ್ಟ ಕಲತಿ?"

"ಒಂಬತ್ತನೇತ್ತಕ್ಕ ಸಾಲಿ ಬಿಟ್ಟೇನ್ರಿ."

"ಮತ್ತ ನನಗ ಕಲಸಾಕ ಬಂದಿ!" ಸಿಟ್ಟಿನಲ್ಲಿ ಅವರು ಪೂರ್ತಿ ನಮ್ಮ ಕಡೆ ತಿರುಗಿದರು. "ಈಕಿಗೆ ಏನೂ ತಿಳಿಯಂಗಿಲ್ಲ!"

ಅವರ ಬಾಯನ್ನೇ ನೋಡುತ್ತಿದ್ದ ಸವಿತಾ, "ತಿಳಿತೈತ್ರಿ ಸರ್," ಎಂದಳು.

ಇಡೀ ತರಗತಿ ನಕ್ಕಿತು. ಗುರುಗಳು ಸೀಮೆಸುಣ್ಣ ಮೇಜಿನ ಮೇಲಿಟ್ಟರು. "ಎದುರುತ್ತರ ಬ್ಯಾರೆ ಕೊಡ್ತಾಳ. ಹೋಗು, ಮುಂದ ಕುಂದ್ರು," ಎಂದರು.

ಅಂತೂ ದೂರು ಬದಲಾಯಿತು, ಹುಡುಗಿ ಇಲ್ಲೇ ಉಳಿದಳು. ಎದುರುತ್ತರ ಕೊಡುವವರಿಗೆಂದು ಗದಗಿನಲ್ಲಿ ಬೇರೆ ಶಾಲೆಯಿಲ್ಲ. ಇದ್ದಿದ್ದರೆ ನಾನೂ ಹತ್ತನೆಯ ತರಗತಿ ಮುಗಿಸಿರುತ್ತಿದ್ದೆ.